ರೊಟ್ಟಿ ಆಮದಿಗೆ ಕಾಕಾ ಹಾಕಿದ ಷರತ್ತು

ದೊಡ್ಡ ದೊಡ್ಡ ದೇಶಗಳು ವರ್ಷಗಟ್ಟಲೆ ಕುಳಿತು ಚರ್ಚಿಸಿದರೂ ಮುಗಿಯದ ಕೆಲಸವನ್ನು ನಮ್ಮ ಕಾಕಾ ಬೈಲಹೊಂಗಲದ ಸಂತೆಯಲ್ಲಿ ಒಂದು ಸಿವುಡು ಮೆಂತ್ಯಪಲ್ಲೆ ಕೊಳ್ಳುವಷ್ಟರಲ್ಲಿ ಮುಗಿಸಿಬಿಡುತ್ತಾರೆ. ನಂಬುವುದಿಲ್ಲವೇ? ಒಮ್ಮೆ ಚೀಲ ಹಿಡಿದುಕೊಂಡು ಅವರ ಹಿಂದೆ ನಡೆದು ನೋಡಿ!

ಕಾಕಾ ಎಂದರೆ ನಮ್ಮಪ್ಪನ ತಮ್ಮ; ಎಲ್ಲರೂ ಒಂದೇ ಮನೆಯಲ್ಲಿದ್ದೇವೆ. ಹತ್ತಿ ವ್ಯಾಪಾರವನ್ನು ಮಗನಿಗೆ ಬಿಟ್ಟುಕೊಟ್ಟು ಈಗ ಆರಾಮಾಗಿದ್ದಾರೆ. ಬಿಡುವು ಸಿಕ್ಕವರು ಜಪ ಮಾಡುತ್ತಾರೆ. ಇವರು ಪೇಪರಿನ ವಾಣಿಜ್ಯ ಪುಟ ಓದುತ್ತಾರೆ. ಅದರಲ್ಲೊಮ್ಮೆ ಬಂದಿತ್ತು: ಮಾಲು ತಯಾರಿಸುವವರಿಗೆ ಸರಿಯಾದ ಕೂಲಿ, ವಿಶ್ರಾಂತಿ, ಮರ್ಯಾದೆ ಸಿಗದಿದ್ದರೆ ಆ ದೇಶದ ಮಾಲು ಬೇಡ, ವ್ಯಾಪಾರ ಒಪ್ಪಂದದಲ್ಲೇ ಮಾನವ ಹಕ್ಕಿನ ಷರತ್ತು ಇರಬೇಕು ಎಂದು. ಓದಿದ್ದೇ ತಡ, ಕಾಕಾ ತಾವೇ ಒಂದು ದೇಶವಾಗಿಬಿಟ್ಟರು!

ಮೊದಲು ಸಿಕ್ಕಿಬಿದ್ದವಳು ಮನೋಳಿಯಿಂದ ಸೊಪ್ಪು-ಪಲ್ಲೆ ತರುವ ಹೆಣ್ಣುಮಗಳು.

"ಯವ್ವಾ, ಇದನ್ನ ಕಿತ್ತಾಕಿ ಯಾರು?"

"ನಾನಽ ರೀ ಯಪ್ಪಾ."

"ಮುಂಜಾನೆ ಏನರ ತಿಂದಿಯೇನು?"

"ಇಲ್ರಿ, ಮಾರಿದ ಮ್ಯಾಲೆ ನೋಡೂದು."

"ಹಂಗಾದ್ರ ಈ ಮಾಲು ನಮ್ಮ ಗಡಿ ದಾಟಂಗಿಲ್ಲ!"

ಎದುರಿನ ಹೋಟೆಲಿನಿಂದ ಮಂಡಕ್ಕಿಯ ಸುಸಲಾ, ಮಿರ್ಚಿ, ಚಹಾ ಬಂದವು. ಆಕೆ ಸಾವಕಾಶವಾಗಿ ತಿಂದು, ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು: "ಈಗ ಮೈಯಾಗ ಶಕ್ತಿ ಬಂತ್ ನೋಡ್ರಿ. ಇನ್ನ ಹಳೇ ದರಕ್ಕ ಕೊಡಂಗಿಲ್ಲ!"

ಕಾಕಾಗೆ ಸಿಟ್ಟು ಬಂತೇ? ಛೇ! "ನೋಡಿದೇನವಾ? ಹೊಟ್ಟಿ ತುಂಬಿದ್ರ ಹಕ್ಕು ತಾನಽ ಬಾಯಿಗೆ ಬರತೈತಿ!" ಎಂದು ನನಗೆ ಹೇಳಿ, ಕೇಳಿದಷ್ಟು ಕೊಟ್ಟರು.

ಕಿತ್ತೂರಿನ ಹೈವೇ ಬದಿಯ ಹೋಟೆಲಿನಲ್ಲಿ ಮಾತ್ರ ಸ್ವಲ್ಪ ಮುಖಭಂಗವಾಯಿತು. ಚಹಾ ತಂದಿಟ್ಟವನನ್ನು ತೋರಿಸಿ, "ಇವಗ ವಾರದ ಸೂಟಿ ಕೊಡ್ತೀರೋ ಇಲ್ಲೋ?" ಎಂದು ರಜೆಯ ವಿಷಯಕ್ಕೆ ಮಾಲೀಕ ಸಾಹೇಬರನ್ನು ತರಾಟೆಗೆ ತೆಗೆದುಕೊಂಡರು. ಸಾಹೇಬರು ನಿಟ್ಟುಸಿರು ಬಿಟ್ಟರು: "ಕಾಕಾ, ಅಂವ ನನ್ನ ಅಳಿಯ ಅದಾನ್ರಿ. ಸೂಟಿ ಮಂಜೂರು ಮಾಡೂದು ನನ್ನ ಮಗಳ ಕೈಯಾಗ ಐತಿ!"

ಈ ಕಥೆಯನ್ನು ಊಟಕ್ಕೆ ಕುಳಿತು ನಗುತ್ತಾ ಹೇಳುತ್ತಿದ್ದೆವು. ಕಾಕಾನ ಹೆಂಡತಿ, ನಮ್ಮ ಕಾಕಿ, ಎಂದಿನಂತೆ ಜೋಳದ ರೊಟ್ಟಿ ಬಡಿದು, ಬೇಯಿಸಿ, ಬಿಸಿಬಿಸಿಯಾಗಿ ನಮ್ಮ ತಾಟಿಗೆ ಹಾಕುತ್ತಿದ್ದರು. ಎಲ್ಲರೂ ಎದ್ದ ಮೇಲೆ ಉಳಿದದ್ದನ್ನು ಉಣ್ಣುವುದು ಅವರ ರೂಢಿ. ರಾಮದುರ್ಗದ ಕಡೆಯವರು, ಮಾತು ಕಡಿಮೆ. ಅಂದು ಮಾತ್ರ ಕೇಳಿಬಿಟ್ಟರು: "ಊರ ಮಂದಿ ಹಸಿವಿ ಕೇಳ್ತೀರಿ. ಈ ಒಲಿ ಮುಂದ ನಿಂತಾಕಿ ಉಂಡಾಳೋ ಇಲ್ಲೋ ಅಂತ ಯಾವ ಒಪ್ಪಂದದಾಗ ಐತ್ರಿ?"



ಮರುದಿನವೇ ಕಾಕಾನ ಘೋಷಣೆ: ಕಾಕಿ ಮೊದಲು ಉಣ್ಣದ ಹೊರತು ರೊಟ್ಟಿ ಆಮದು ಬಂದ್! ಆದರೆ ಗಂಡ ಹಸಿದು ಕುಳಿತಿರುವಾಗ ಕಾಕಿಗೆ ಗಂಟಲಲ್ಲಿ ತುತ್ತು ಇಳಿಯಬೇಕಲ್ಲ? ಅವರೊಂದು ಉಪಾಯ ಹೂಡಿದರು. ಖಾಲಿ ತಾಟಿಗೆ ಒಂದಿಷ್ಟು ಕಡಲೆಹಿಟ್ಟಿನ ಝುಣಕ ಸವರಿ, "ಉಂಡೆನ್ರಿ" ಎಂದು ತೋರಿಸುವುದು! ಕಾಕಾ ಕನ್ನಡಕ ಏರಿಸಿ, ತಾಟನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ, "ಪಾಸ್!" ಎನ್ನುತ್ತಿದ್ದರು. ಇಂಥ ಇನ್‌ಸ್ಪೆಕ್ಟರ್ ಸಿಕ್ಕರೆ ಯಾವ ಕಾರ್ಖಾನೆಗೆ ಭಯವಿದೆ ಹೇಳಿ!

ಒಂದು ಮಧ್ಯಾಹ್ನ ನೀರು ಕುಡಿಯಲು ಒಳಗೆ ಹೋದ ಕಾಕಾ, ಕಾಕಿ ತಾಟಿಗೆ ಝುಣಕ ಸವರುವುದನ್ನು ಕಂಡೇಬಿಟ್ಟರು. ಇನ್ನು ಯುದ್ಧವೇ ಎಂದುಕೊಂಡು ನಾನು ಅಡುಗೆಮನೆಗೆ ಓಡಿದೆ. ಕಾಕಾ ಅಂಗಿಯ ತೋಳು ಮಡಚಿಕೊಂಡು ಹಂಚಿನ ಮುಂದೆ ನಿಂತರು. "ನೀ ಬಡಿ, ನಾ ಬೇಯಸ್ತೇನಿ."

ಒಂದು ರೊಟ್ಟಿ ಹರಿಯಿತು. ಇನ್ನೊಂದು ಹಂಚಿಗೇ ಅಂಟಿತು. ಆಮೇಲಿನದು ಹೇಗೋ ಉಬ್ಬಿತು. ಅದರ ಮೇಲೆ ಬೆಣ್ಣೆ ಹಾಕಿ ಕಾಕಿಯ ಕೈಗಿಟ್ಟು, "ನನ್ನ ಕಣ್ಣ ಮುಂದ ತಿನ್ನು" ಎಂದರು. ಕಾಕಿ ನಾಚುತ್ತಲೇ ಒಂದು ಚೂರು ಮುರಿದು ಬಾಯಿಗಿಟ್ಟರು. ನಿಧಾನಕ್ಕೆ ಅಗಿದರು. ಆಮೇಲೆ ಗಂಡನ ಮುಖ ನೋಡಿ ಕೇಳಿದರು:

"ಅಯ್ಯ, ಬಿಸಿ ರೊಟ್ಟಿ ಹಿಂಗ ಇರತೈತೇನ್ರಿ?"

ನಮಗೆಲ್ಲ ಜೀವಮಾನವಿಡೀ ಬಿಸಿ ರೊಟ್ಟಿ ಬಡಿಸಿದವರ ಪ್ರಶ್ನೆ ಅದು. ನನಗೆ ಅಳು ಬಂತು. ಕಾಕಾ ಆ ಕಡೆ ತಿರುಗಿ, ಒಲೆಯ ಹೊಗೆ ಬಹಳವಾಯಿತೆಂದು ಕಣ್ಣೊರೆಸಿಕೊಂಡರು. ನಮ್ಮ ಮನೆಯಲ್ಲಿರುವುದು ಗ್ಯಾಸ್ ಒಲೆ.