ಮಂಜಿನ ಸೀಮೆಯ ಪಂಚಾಯ್ತಿ

ನನಗೆ ಯಾರ ಮಾತಿಗೂ ಇಲ್ಲ ಎನ್ನಲು ಬಾರದು. ಇದನ್ನು ಬಹಳ ಕಾಲ ಒಳ್ಳೆಯ ಗುಣ ಎಂದೇ ತಿಳಿದಿದ್ದೆ. ಸುತ್ತಲಿನವರೂ ಹಾಗೇ ತಿಳಿದಿದ್ದರಿಂದ ಅನುಮಾನ ಪಡುವ ಸಂದರ್ಭ ಬರಲಿಲ್ಲ. ಯಾರಾದರೂ ಬಂದು ತಮ್ಮ ಸಂಕಟ ಹೇಳಿಕೊಂಡರೆ ನನ್ನ ತಲೆ ತಾನಾಗಿ ಮೇಲೆ ಕೆಳಗೆ ಆಡುತ್ತದೆ, ಬಾಯಿ ತಾನಾಗಿ "ನೀನು ಹೇಳೋದೇ ಸರಿ ಕಣಪ್ಪ" ಎನ್ನುತ್ತದೆ. ಅವರು ಹಗುರಾಗಿ ಎದ್ದು ಹೋಗುತ್ತಾರೆ. ಆಮೇಲೆ ಅವರ ಎದುರಾಳಿ ಬರುತ್ತಾನೆ. ಅವನೂ ಹಗುರಾಗಿಯೇ ಹೋಗುತ್ತಾನೆ. ನನ್ನ ಹೆಂಡತಿ ಸರೋಜಳ ಇಬ್ಬರು ತಮ್ಮಂದಿರು ಮನೆ ಕಟ್ಟಿಸುವಾಗ ಗೇಟು ಪೂರ್ವಕ್ಕಿರಬೇಕೋ ಉತ್ತರಕ್ಕಿರಬೇಕೋ ಎಂದು ವ್ಯಾಜ್ಯ ಹುಟ್ಟಿತ್ತು. ಇಬ್ಬರೂ ಒಬ್ಬರಿಗೆ ಗೊತ್ತಾಗದಂತೆ ಒಬ್ಬರು ನನ್ನ ಹತ್ತಿರ ಬಂದು ಹೋದರು. ಇವತ್ತಿಗೂ ಆ ಮನೆಗೆ ಎರಡು ಗೇಟುಗಳಿವೆ. ಒಂದರಲ್ಲಿ ಓಡಾಡುವವರು ಇನ್ನೊಂದರಲ್ಲಿ ಓಡಾಡುವವರ ಜೊತೆ ಮಾತಾಡುವುದಿಲ್ಲ. ಸರೋಜಳಂತೂ ಸಾರಿನ ರುಚಿ ನೋಡಲು ನನ್ನನ್ನು ಕರೆಯುವುದನ್ನೇ ಬಿಟ್ಟಿದ್ದಾಳೆ. "ಉಪ್ಪು ಸರಿ ಇದ್ಯಾ ಅಂತ ನಿಮ್ಮನ್ನ ಕೇಳೋದೂ ಒಂದೇ, ಉಪ್ಪಿನ ಡಬ್ಬೀನ ಕೇಳೋದೂ ಒಂದೇ" ಎನ್ನುತ್ತಾಳೆ.

ಈ ಗುಣದಿಂದ ಬರೀ ಸಾರು ಕೆಟ್ಟಿದ್ದರೆ ಕುಳಿತು ಬರೆಯುತ್ತಿರಲಿಲ್ಲ. ಕೆಟ್ಟಿದ್ದು ನಮ್ಮ ನಾಲ್ಕು ಜನರ ಒಂದು ಕೂಟ. ಅದೂ ಎಲ್ಲಿ ಎಂದರೆ ಕಂಪ್ಯೂಟರಿನ ಒಳಗೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ದಾಸರಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಯಲಹಂಕದ ಹಳೇ ಊರಿನಲ್ಲಿ ನಮ್ಮ ಮನೆ. ಕೆಳಗಿನ ಮಳಿಗೆಯಲ್ಲಿ ಇಮ್ರಾನ್ ಎಂಬುವನು ಬಾಡಿಗೆಗಿದ್ದು ಸೈಬರ್ ಸೆಂಟರ್ ನಡೆಸುತ್ತಿದ್ದ. ಇಂಟರ್ನೆಟ್ಟು ಇನ್ನೂ ಎಲ್ಲರ ಜೇಬಿಗೆ ಇಳಿದಿರದ ಕಾಲ. ನಾನು ಪೇಪರ್ ಓದುವ ನೆಪದಲ್ಲಿ ಅಲ್ಲಿ ಹೋಗಿ ಕೂರುತ್ತಿದ್ದೆ. ಒಂದು ಭಾನುವಾರ ಸಂಜೆ ಇಮ್ರಾನ್ ಆಡುತ್ತಿದ್ದ ಆಟಕ್ಕೆ ಒಬ್ಬರು ಕಡಿಮೆ ಬಿದ್ದರು. ಲೋಕದ ಯಾವ ಯಾವ ಮೂಲೆಯಲ್ಲೋ ಕೂತ ಜನ ಒಂದೊಂದು ವೇಷ ತೊಟ್ಟು ಒಂದೇ ಕಾಡಿನೊಳಗೆ ಸೇರಿಕೊಂಡು ರಾಕ್ಷಸರ ಮೇಲೆ ಬೀಳುವ ಆಟ ಅದು. "ಯಜಮಾನ್ರೇ, ಸುಮ್ನೆ ಹಿಂದೆ ನಿಂತ್ಕೊಳ್ಳಿ ಸಾಕು. ಯಾರಿಗಾದ್ರೂ ರಕ್ತ ಕಮ್ಮಿ ಆದ್ರೆ ಈ ಬಟನ್ ಒತ್ತಿ, ಗಾಯ ವಾಸಿ ಆಗುತ್ತೆ" ಎಂದು ನನ್ನನ್ನು ಕೂರಿಸಿದ. ನನ್ನ ಸ್ವಭಾವಕ್ಕೆ ಇದಕ್ಕಿಂತ ಒಪ್ಪುವ ಕೆಲಸ ಇನ್ನೊಂದಿಲ್ಲ. ಅಲ್ಲಿಂದಾಚೆ ಪ್ರತಿ ಭಾನುವಾರ ಕೂರತೊಡಗಿದೆ. ಅವಸರದಲ್ಲಿ ಅವನು ನನಗೆ ಬಿಳಿ ಬಟ್ಟೆಯ ಹೆಣ್ಣಿನ ವೇಷ ಕೊಟ್ಟುಬಿಟ್ಟಿದ್ದ. ಗುಂಪಿನಲ್ಲಿದ್ದ, ಪಕ್ಕದ ಕೋಗಿಲು ಗ್ರಾಮದ ರಾಮಾಂಜಿ ಬಹಳ ದಿನ ನನ್ನನ್ನು ಅಕ್ಕ ಎಂದೇ ಬರೆದು ಕರೆಯುತ್ತಿದ್ದ. ಒಮ್ಮೆ ಮೈಕು ಹಾಕಿಕೊಂಡು ನಾನು ಕೆಮ್ಮಿದಾಗ, "ಅಯ್ಯಯ್ಯೋ! ಅಕ್ಕ ಅಲ್ಲ ಕಣ್ರೋ, ತಾತ!" ಎಂದು ಕೂಗಿಕೊಂಡ.

ನಾಲ್ಕನೆಯವಳು ಆರ್.ಟಿ. ನಗರದ ಶಶಿಕಲಾ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡು ಮನೆಯಲ್ಲೇ ಇರುವ ಹೆಣ್ಣುಮಗಳು. ಭಾನುವಾರ ಸಂಜೆ ಗಂಡ ಮನೆಯಲ್ಲಿರುವಾಗ ಮಾತ್ರ ಅವಳಿಗೆ ಪುರುಸೊತ್ತು. ಆ ಹೊತ್ತು ಅವಳು ಆಳೆತ್ತರದ ಕೊಡಲಿ ಹಿಡಿದ ದೈತ್ಯೆಯಾಗಿಬಿಡುತ್ತಿದ್ದಳು. ಎಂಥ ಗುಹೆಯಾದರೂ ಮೊದಲು ನುಗ್ಗುವವಳು ಅವಳೇ. ನುಗ್ಗುವ ಮುಂಚೆ ಮಾತ್ರ, "ಅಂಕಲ್, ಹಿಂದೆ ಇದೀರಾ?" ಎಂದು ಕೇಳುತ್ತಿದ್ದಳು. "ಇದೀನಮ್ಮ" ಎನ್ನುತ್ತಿದ್ದೆ. ಕಾರ್ಖಾನೆ ಬಿಟ್ಟ ಮೇಲೆ ನಾನು ಇದೀನೋ ಇಲ್ಲವೋ ಎಂದು ಯಾರಾದರೂ ವಿಚಾರಿಸಿ ಉತ್ತರಕ್ಕೆ ಕಾದದ್ದು ಅಲ್ಲಿ ಮಾತ್ರ.

ಹೀಗಿರುವಾಗ ಆಟದ ಕಂಪನಿಯವರು ಒಂದು ಎಕ್ಸ್‌ಪಾನ್ಷನ್ ಬಿಟ್ಟರು. ಹಾಗೆಂದರೆ ಇದ್ದ ಆಟಕ್ಕೆ ಹೊಸ ಪ್ರಾಂತ್ಯವನ್ನೇ ಸೇರಿಸುವುದು. ಅದು ಪೂರ್ತಿ ಹಿಮದ ನಾಡು; ನಾನು ಅದಕ್ಕೆ ಮಂಜಿನ ಸೀಮೆ ಎಂದು ಹೆಸರಿಟ್ಟೆ. ಅಲ್ಲಿಗೆ ಹೋದವರಿಗೆಲ್ಲ ಒಂದೊಂದು ಸೋರೆಬುರುಡೆ ಕೊಡುತ್ತಾರೆ. ಅದರಿಂದ ಒಂದು ಗುಟುಕು ಕುಡಿದರೆ ಅವರವರ ಗಾಯ ಅವರವರೇ ವಾಸಿ ಮಾಡಿಕೊಳ್ಳಬಹುದು. ಇದರ ಬಗ್ಗೆ ಜನ ಇಂಟರ್ನೆಟ್ಟಿನಲ್ಲಿ ಬರೆದ ಅಭಿಪ್ರಾಯಗಳನ್ನು ಇಮ್ರಾನ್ ನನಗೆ ಓದಿ ಹೇಳುತ್ತಿದ್ದ. ಒಬ್ಬ ಸ್ವರ್ಗ ಎನ್ನುತ್ತಾನೆ, ಒಬ್ಬ ಹಗಲುದರೋಡೆ ಎನ್ನುತ್ತಾನೆ. ಇನ್ನೊಬ್ಬ ಹಗಲುದರೋಡೆ ಎಂದು ಬರೆದು, ಮುಂದಿನ ಸಾಲಿನಲ್ಲೇ ಆ ಹಿಮದ ಕೋಟೆಗೆ ದಾರಿ ಯಾವ ಕಡೆ ಎಂದು ಕೇಳುತ್ತಾನೆ. ಮದುವೆಯಲ್ಲಿ ಎರಡು ಸಲ ಹೋಳಿಗೆ ಹಾಕಿಸಿಕೊಂಡು, ಕೈ ತೊಳೆಯುವ ಜಾಗದಲ್ಲಿ ನಿಂತು "ಊಟ ಏನೂ ಚೆನ್ನಾಗಿರಲಿಲ್ಲ" ಎನ್ನುವ ನಮ್ಮ ನೆಂಟರಿಷ್ಟರೆಲ್ಲ ಅಲ್ಲಿ ಸೇರಿದ್ದಾರೇನೋ ಎನಿಸಿತು.

ನಮ್ಮ ಗುಂಪಿನಲ್ಲೂ ಮೂರು ದಾರಿ ಆಯಿತು. ಇಮ್ರಾನ್ ಹೋಗೋಣ ಎಂದ. "ಎಲ್ಲಾ ಜನ ಅಲ್ಲಿಗೇ ಹೊರಟಿದ್ದಾರೆ ಯಜಮಾನ್ರೇ. ಇಲ್ಲೇ ಇದ್ರೆ ಖಾಲಿ ಊರಲ್ಲಿ ಟೆಂಟ್ ಸಿನಿಮಾ ಹಾಕ್ದಂಗೆ." ನಾನು ಹೌದೆಂದೆ. ರಾಮಾಂಜಿಯ ಸಿಟ್ಟೇ ಬೇರೆ. ಅವನ ಮನೆಯವರು ಹೊಲ ಮಾರಿ ಈಗ ಮನೆ ಕಟ್ಟಿಸಿ ಮಾರುವವರು. ಅವನಿಗೆ ಒಂದು ವಸ್ತುವಿನ ಬೆಲೆ ಇಳಿಯುವುದೆಂದರೆ ಮೈಯೆಲ್ಲ ಉರಿ. ಫೋನ್ ಮಾಡಿ, "ತಾತ, ವರ್ಷಗಟ್ಲೆ ರಾಕ್ಷಸರನ್ನ ಒಡ್ದು ಒಡ್ದು ಆ ಕವಚ ಮಾಡ್ಕೊಂಡಿದೀನಿ. ಅಲ್ಲಿಗೆ ಓದ್ರೆ ಮೊದಲ್ನೇ ಬಾಗ್ಲಲ್ಲಿ ಪುಗಸಟ್ಟೆ ಕೊಡೋ ಗೋಣಿಚೀಲ ಅದಕ್ಕಿಂತ ಗಟ್ಟಿಯಂತೆ! ಇಂಗ್ ಮಾಡ್ಬೌದಾ? ಈ ಆಟನೇ ಬ್ಯಾಡ, ಬ್ಯಾರೆ ಆಟಕ್ಕೆ ಓಗಾಣ" ಎಂದ. ಅನ್ಯಾಯ ಅನ್ಯಾಯವೇ, ನೀನು ಹೇಳೋದೇ ಸರಿ ಕಣಪ್ಪ ಎಂದೆ.

ಮಾರನೆಯ ದಿನ ಶಶಿಕಲಾ ಫೋನ್ ಮಾಡಿದಳು. "ಅಂಕಲ್, ಇಲ್ಲೇ ಇರೋಣ. ಆ ಬುರುಡೆ ಸಿಕ್ಕಿದ್ರೆ ಯಾರೂ ಯಾರಿಗೂ ಕಾಯಲ್ಲ. ಒಬ್ಬೊಬ್ರೇ ಓಡಾಡ್ಕೊಂಡಿರ್ತಾರೆ. ಒಬ್ಬಳೇ ಇರೋಕೆ ನಂಗೆ ಗೇಮ್ ಬೇಕಾ? ಮನೇಲೇ ಇದೀನಲ್ಲ" ಎಂದಳು. ಆ ಕಡೆಯಿಂದ ಅವಳ ಅತ್ತೆ ಕರೆಯುವುದು ಕೇಳಿಸುತ್ತಿತ್ತು. "ನೀನು ಹೇಳೋದೇ ಸರಿಯಮ್ಮ" ಎಂದೆ. ನನ್ನ ಜೀವಮಾನದಲ್ಲಿ ಆ ಮಾತನ್ನು ಮನಸ್ಸಿಟ್ಟು ಹೇಳಿದ್ದು ಅಪರೂಪ. ಅವತ್ತು ಹೇಳಿದ್ದು ನಿಜ. ಆದರೆ ಅದು ನಿಜ ಎಂದು ಅವಳಿಗೆ ಹೇಗೆ ತಿಳಿಯಬೇಕು? ಸುಳ್ಳಿಗೂ ನಿಜಕ್ಕೂ ನಾನು ಒಂದೇ ವಾಕ್ಯ ಇಟ್ಟುಕೊಂಡಿದ್ದೆ.

ಹೋದರೆ ಎಲ್ಲರೂ ಹೋಗುವುದು, ಇದ್ದರೆ ಎಲ್ಲರೂ ಇರುವುದು, ಹಿರಿಯರಾದ ತಾತ ಹೇಳಿದ ಹಾಗೆ ಎಂದು ಅವರವರೇ ಮಾತಾಡಿಕೊಂಡಿದ್ದರು. ಮೂವರಿಗೂ ಅಷ್ಟು ಧೈರ್ಯ ಯಾಕೆ ಬಂತೆಂದು ನಿಮಗೆ ಗೊತ್ತಾಗಿರಬೇಕು. ಭಾನುವಾರ ಸಂಜೆ ಸರೋವರದ ದಡದಲ್ಲಿ, ಅಂದರೆ ಆಟದ ಸರೋವರದ ದಡದಲ್ಲಿ, ಸೇರಿದೆವು. ಇಮ್ರಾನ್ ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದ. ಉಳಿದಿಬ್ಬರು ಹೆಡ್‌ಫೋನಿನೊಳಗೆ.

"ನಾವು ಹೋಗ್ತಾ ಇದೀವಿ. ಯಜಮಾನ್ರು ಆವಾಗ್ಲೇ ಒಪ್ಪಿದ್ದಾರೆ" ಎಂದ ಇಮ್ರಾನ್.

"ಯಾವ್ ಯಜಮಾನ್ರು ಗುರು? ತಾತ ನಂಗೆ ಆಟ ಬಿಡಾಣ ಅಂದವ್ರೆ!"

"ಒಂದ್ನಿಮಿಷ" ಎಂದಳು ಶಶಿಕಲಾ. "ನಂಗೆ ಇಲ್ಲೇ ಇರೋಣ ಅಂದ್ರಲ್ಲ?"

ರಾಮಾಂಜಿ ಬಿದ್ದು ಬಿದ್ದು ನಗತೊಡಗಿದ. "ಏನ್ ತಾತ, ಮೂರು ಪಾರ್ಟಿಗೂ ಓಟ್ ಆಕ್ಬಿಟ್ಟಿದೀಯಲ್ಲಾ! ಎಲೆಕ್ಷನ್‌ಗೆ ನಿಂತ್ಕೊ ನೀನು!" ಇಮ್ರಾನನೂ ನಕ್ಕ. ನಾನೂ ನಗಲು ನೋಡಿದೆ. ಶಶಿಕಲಾ ನಗಲಿಲ್ಲ.

"ಹೋಗ್ಲಿ ಬಿಡಿ ಅಂಕಲ್. ಈಗ ಎಲ್ಲರ ಮುಂದೆ ಹೇಳಿ. ನಮಗೆ ಏನ್ ಬೇಕು ಅಂತಲ್ಲ, ನಿಮಗೇನ್ ಬೇಕು?"

ನನಗೆ ಬೇಕಾದದ್ದು ಗಂಟಲಿಗೆ ಬಂದಿತ್ತು. ನನಗೆ ಇಲ್ಲೇ ಇರಬೇಕು, ಯಾರಾದರೂ ಗಾಯಗೊಂಡು ನನ್ನ ಕಡೆ ತಿರುಗುವ ಜಾಗ ಇದೊಂದೇ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಇಮ್ರಾನ್ ಮುಖ ನೋಡಿದೆ. ಅವನು ನನ್ನ ಯಂತ್ರದಲ್ಲಿ ಹೊಸ ಸೀಮೆಯನ್ನು ಆಗಲೇ ತುಂಬಿಸಿಟ್ಟಿದ್ದ. ಪಾಪ ಎನಿಸಿತು. "ನೋಡ್ರಪ್ಪ, ಎಲ್ಲರ ಮಾತಲ್ಲೂ ಅರ್ಥ ಇದೆ. ಅವರವರ ಇಷ್ಟ" ಎಂದೆ.

ತೀರ್ಪು ಎಂದು ನಾನು ಕೊಟ್ಟಿದ್ದು ಅದೊಂದೇ. ಮೂವರೂ ಅದನ್ನು ಚಾಚೂ ತಪ್ಪದೆ ಪಾಲಿಸಿದರು.

ರಾಮಾಂಜಿ ಕಾರುಗಳನ್ನು ಗುದ್ದಿಸುವ ಬೇರೊಂದು ಆಟಕ್ಕೆ ಹೋದ. ನಾನು ಇಮ್ರಾನ್ ಹಿಂದೆ ಮಂಜಿನ ಸೀಮೆಗೆ ಹೋದೆ. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಹಿಮ ಬೀಳುವುದನ್ನು ನಾನು ಕಂಡದ್ದೇ ಅಲ್ಲಿ. ಮೊದಲ ಕಾಳಗದಲ್ಲಿ ಇಮ್ರಾನನ ರಕ್ತ ಇಳಿಯಿತು. ನಾನು ಕನ್ನಡಕ ಸರಿಮಾಡಿಕೊಂಡು ಬಟನ್ನಿನ ಮೇಲೆ ಬೆರಳಿಡುವಷ್ಟರಲ್ಲಿ ಅವನು ಬುರುಡೆ ಎತ್ತಿ ಕುಡಿದಾಗಿತ್ತು. "ನೀವು ಆರಾಮಾಗಿ ನೋಡ್ತಾ ಇರಿ ಯಜಮಾನ್ರೇ" ಎಂದ, ಗೌರವದಿಂದಲೇ. ನೋಡುತ್ತಾ ಇದ್ದೆ. ಅತ್ತ ಇತ್ತ ಓಡುತ್ತಿದ್ದ ಸಾವಿರ ವೀರರ ಸೊಂಟದಲ್ಲೂ ಒಂದೊಂದು ಬುರುಡೆ ನೇತಾಡುತ್ತಿತ್ತು.

ಒಂದು ದಿನ ರಾಮಾಂಜಿ ಇಮ್ರಾನನ ಅಂಗಡಿಗೆ ಬಂದವನು, ಮಾತಿನ ಮಧ್ಯೆ, "ಶಶಿಕಲಕ್ಕ ಇನ್ನೂ ಅಳೇ ಜಾಗದಲ್ಲೇ ಅವ್ರೆ ತಾತ" ಎಂದ. "ಮೊನ್ನೆ ಸುಮ್ನೆ ಓಗಿ ಇಣುಕಿದೆ. ಕೆರೆ ತಾವ ಒಬ್ರೇ ಕೊಡ್ಲಿ ಇಡ್ಕೊಂಡು ಗುಹೆ ಒಳಿಕ್ಕೆ ಓಯ್ತಾರೆ, ಸಾಯ್ತಾರೆ, ಎದ್ದು ತಿರ್ಗಾ ಓಯ್ತಾರೆ. ಇಂದೆ ಯಾರೂ ಇಲ್ವಲ್ಲ." ಆ ಗುಹೆಯನ್ನು ಒಬ್ಬರೇ ಗೆಲ್ಲಲು ಸಾಧ್ಯವಿಲ್ಲ ಎಂದು ನಮ್ಮೆಲ್ಲರಿಗೂ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಅವತ್ತೇ ಕೂತು ಹಳೆಯ ದಡಕ್ಕೆ ಹೋದೆ. ಅವಳಿರಲಿಲ್ಲ. ಮುಂದಿನ ಭಾನುವಾರಗಳಲ್ಲೂ ಹೋಗಿ ಬಿಳಿ ಬಟ್ಟೆಯಲ್ಲಿ ನಿಂತೆ; ಬರಲಿಲ್ಲ. ಕೊನೆಗೆ ಫೋನ್ ಮಾಡಿದೆ. ಹೇಳಬೇಕಾದ್ದನ್ನೆಲ್ಲ ಸರೋಜಳ ಮುಂದೆ ಒಪ್ಪಿಸಿ ಅಭ್ಯಾಸ ಮಾಡಿಕೊಂಡಿದ್ದೆ: ನಿನ್ನ ಮಾತೇ ನನ್ನ ಮಾತಾಗಿತ್ತಮ್ಮ, ಹೇಳುವ ಹೊತ್ತಿಗೆ ಧೈರ್ಯ ಸಾಲಲಿಲ್ಲ, ನನ್ನದು ತಪ್ಪು. ಅಷ್ಟನ್ನೂ ಹೇಳಿದೆ. ಬೈದರೆ ಬೈಸಿಕೊಳ್ಳೋಣ, ಬೈದ ಮೇಲೆ ಮತ್ತೆ ಬರುತ್ತಾಳೆ ಎಂಬ ಆಸೆ.

ಶಶಿಕಲಾ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಬಹಳ ಮೆತ್ತಗೆ, ಮನೆಗೆ ಬಂದ ದೂರದ ನೆಂಟರಿಗೆ ಹೇಳುವ ಹಾಗೆ, "ಅಯ್ಯೋ, ಅದಕ್ಕೆಲ್ಲ ಯಾಕೆ ಬೇಜಾರು ಮಾಡ್ಕೋತೀರ ಅಂಕಲ್? ನಾನೀಗ ಆಡ್ತಾನೇ ಇಲ್ಲ. ಅವತ್ತು ನೀವು ಹೇಳಿದ್ದೇ ಸರಿ ಬಿಡಿ" ಎಂದಳು. ಅತ್ತೆಗೆ ಮಾತ್ರೆ ಕೊಡಬೇಕೆಂದು ಫೋನ್ ಇಟ್ಟಳು.

ಈ ವಾಕ್ಯವನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ನನಗೆ ಯಾರೂ ಹೇಳಿರಲಿಲ್ಲ. ಇದನ್ನು ಕೇಳಿದ ಮೇಲೆ ಮುಂದಕ್ಕೆ ಮಾತಾಡಲು ಏನೂ ಉಳಿದಿರುವುದಿಲ್ಲ ಎಂಬುದು ಅವತ್ತು ಗೊತ್ತಾಯಿತು.

ಸರೋಜ ಅಡುಗೆಮನೆಯಿಂದ ಇಣುಕಿ, "ಏನಂದ್ಲು?" ಎಂದಳು.

"ನಾನು ಹೇಳಿದ್ದೇ ಸರಿಯಂತೆ."

"ಮತ್ಯಾಕೆ ಹಂಗೆ ಕೂತಿದೀರ?" ಎಂದು ಕೇಳಿದಳು.