ಯಾರ ಉಪ್ಪನ್ನೂ ತಿನ್ನದ ಜೀಪು

ಹೋರಾಟಕ್ಕೆ ಇಳಿದವನ ಹುಬ್ಬು ಸದಾ ಗಂಟಿಕ್ಕಿರಬೇಕು ಎಂದು ಜನ ತಿಳಿದಿದ್ದಾರೆ. ನನ್ನ ಹುಬ್ಬು ಹಾಗೇ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ನಾನು ಸಿಟ್ಟಿನಿಂದ ಹೊರಟಾಗಲೆಲ್ಲ ದಾರಿಯಲ್ಲಿ ಏನಾದರೊಂದು ಆಗಿ, ಬೈಯಿಸಿಕೊಳ್ಳಬೇಕಾದವನ ಜೊತೆ ನಾನೂ ನಕ್ಕುಬಿಟ್ಟಿದ್ದೇನೆ. ಅದರಲ್ಲಿ ಮುಕ್ಕಾಲು ಪಾಲು ನಮ್ಮ ಜೀಪಿನ ದೆಸೆಯಿಂದ.

ತೊಂಬತ್ತರ ದಶಕದ ಕೊನೆಯ ಮಾತು. ಐಮಂಗಲದಿಂದ ಒಳಗೆ ಐದು ಮೈಲಿ ಹೋದರೆ ನನ್ನ ಹೆಂಡತಿಯ ತವರು, ಒಂದು ಸಣ್ಣ ಹಟ್ಟಿ. ಅಲ್ಲಿಗೆ ರಸ್ತೆ ಇರಲಿಲ್ಲ. ಹೆರಿಗೆ ನೋವು ಬಂದ ಹೆಣ್ಣುಮಕ್ಕಳನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ಹಳ್ಳ ದಾಟಿಸುತ್ತಿದ್ದರು. ಕಚೇರಿಗೆ ಹೋಗಿ ಕೇಳಿದರೆ, "ರಸ್ತೆ ಆಗಿದೆಯಲ್ರೀ" ಎಂದು ಫೈಲು ತೋರಿಸಿದರು. ಫೈಲಿನಲ್ಲಿ ಜಲ್ಲಿ ಬಿದ್ದಿತ್ತು, ಡಾಂಬರು ಬಿದ್ದಿತ್ತು, ಮೈಲಿಗಲ್ಲು ನಿಂತಿತ್ತು. ಹಟ್ಟಿಯ ದಾರಿಯಲ್ಲಿ ಜಾಲಿಮುಳ್ಳು ನಿಂತಿತ್ತು.

ಒಂದು ಹಟ್ಟಿ ಕೂಗಿದರೆ ಯಾರಿಗೂ ಕೇಳುವುದಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕೂ ತಾಲೂಕು ತಿರುಗಿ, ಇಂಥ ಕಾಗದದ ರಸ್ತೆ ಇರುವ ಊರುಗಳ ಸಹಿ, ಹೆಬ್ಬೆಟ್ಟು ಒಟ್ಟುಮಾಡಲು ಹೊರಟೆವು. ಹೊರಟವರು ಮೂವರೇ. ನಾನು, ನನ್ನ ಹೆಂಡತಿ, ಮತ್ತು ಅರ್ಜಿ ಬರೆಯಲು ಒಬ್ಬ ರಿಟೈರ್ಡ್ ಮೇಷ್ಟ್ರು. ನಮಗೆ ಒಂದೇ ನೇಮ: ಊರಿನ ದೊಡ್ಡವರ ಮನೆಯಲ್ಲಿ ಉಣ್ಣಬಾರದು, ಮಲಗಬಾರದು. ಮಧ್ಯಾಹ್ನ ಯಾರ ಉಪ್ಪು ತಿಂದಿರುತ್ತೇವೋ ಸಂಜೆ ಅವರ ಮೇಲೆ ನಾಲಿಗೆ ಏಳುವುದಿಲ್ಲ. ಹಾಗಾಗಿ ಅಡುಗೆಮನೆ, ಹಾಸಿಗೆ, ನೀರು ಮೂರನ್ನೂ ಹೊತ್ತು ಹಳ್ಳಕೊಳ್ಳದಲ್ಲಿ ಓಡುವ ಗಾಡಿ ಬೇಕಾಯಿತು.

ಕಾಲು ಚಾಚುವ ಆಸೆ

ಸರ್ಕಾರಿ ಹರಾಜಿನಲ್ಲಿ ಒಂದು ಜೀಪು ಸಿಕ್ಕಿತು. ನಾಲ್ಕೂ ಚಕ್ರ ಎಳೆಯುವಂಥದ್ದು. ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೇ ಇತ್ತು, ಒಂದು ಸಾಮಾನು ಹೆಚ್ಚಿಲ್ಲ. ಹ್ಯಾಂಡ್ ಬ್ರೇಕು ಮಾತ್ರ ಕಡಿಮೆ. ಚಿತ್ರದುರ್ಗದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಭಾಯ್ ಹತ್ತಿರ ತಂದು ನಿಲ್ಲಿಸಿದೆ. ಅವರ ತಾತ, ಮುತ್ತಾತ ಎತ್ತಿಗೆ, ಕುದುರೆಗೆ ಲಾಳ ಕಟ್ಟಿದವರು.

"ಏನ್ ಮಾಡ್ಬೇಕಣ್ಣ ಇದಕ್ಕೆ?"

"ಮಲಗಾಕೆ ಮಂಚ, ಉಣ್ಣಾಕೆ ಮೇಜು, ನೀರಿಗೆ ಡ್ರಮ್ಮು, ಸ್ಟೌವಿಗೆ ಗೂಡು, ಮೇಲೆ ಕ್ಯಾರಿಯರ್ರು."

ಭಾಯ್ ಜೀಪನ್ನೂ ನನ್ನನ್ನೂ ಒಂದು ಸುತ್ತು ನೋಡಿದರು. "ಕಂಪನಿಯೋರು ಗಾಡಿ ಮಾಡವ್ರೆ, ನೀನು ಮನೆ ಮಾಡು ಅಂತೀಯ. ಗೃಹಪ್ರವೇಶ ಯಾವಾಗ?"

ಮಾತು ಹೀಗಿದ್ದರೂ ಕೈ ಬಂಗಾರ. ಹಳೆಯ ಕಿಟಕಿ ಸರಳು ತಂದು ಕ್ಯಾರಿಯರ್ ಮಾಡಿದರು. ಭಾರ ತಡೆಯಲಿ ಎಂದು ಹಿಂದಿನ ಸ್ಪ್ರಿಂಗಿಗೆ ಎರಡೆರಡು ಪಟ್ಟಿ ಹೆಚ್ಚು ಹಾಕಿದರು. ಹಿಂದಿನ ಸೀಟು ಕಿತ್ತು ಎರಡು ಪೆಟ್ಟಿಗೆ ಕೂರಿಸಿದರು. ಒಂದರಲ್ಲಿ ರಾಗಿಹಿಟ್ಟು, ಕಾಳು, ಇನ್ನೊಂದರಲ್ಲಿ ಪಾನಾ, ಜಾಕಿ. ನಡುವೆ ಹಲಗೆ ಜೋಡಿಸಿದರೆ ಮಂಚ. ಹಿಂದಿನ ಬಾಗಿಲನ್ನು ಸರಪಳಿ ಕಟ್ಟಿ ಅಡ್ಡ ಇಳಿಸಿದರೆ ಊಟದ ಮೇಜು. ಪಕ್ಕಕ್ಕೆ ಸುತ್ತಿಟ್ಟ ತಾಡಪಾಲು ಬಿಚ್ಚಿ ಎರಡು ಗೂಟ ಊರಿದರೆ ಚಪ್ಪರ. ಈಗ ಪೇಟೆಯವರು ಗಾಡಿಗೆ ಇಂಥವನ್ನೆಲ್ಲ ಹಾಕಿಸಿಕೊಂಡು ಬೆಟ್ಟಕ್ಕೆ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರಂತೆ. ತೆಗೆಸಿಕೊಳ್ಳಲಿ. ನಮ್ಮ ಭಾಯ್ ಇದನ್ನು ಯಾವ ಪುಸ್ತಕವನ್ನೂ ನೋಡದೆ, ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಟು ಹಾಕಿಕೊಂಡು ಮಾಡಿದ್ದರು.

ಹೆಮ್ಮೆಯಿಂದ ಹತ್ತಿ ಕೂತೆ. ಪೆಟ್ಟಿಗೆಗಳು ಡ್ರೈವರ್ ಸೀಟನ್ನು ಎಷ್ಟು ಮುಂದೆ ನೂಕಿದ್ದವೆಂದರೆ ನನ್ನ ಮೊಣಕಾಲು ಗದ್ದಕ್ಕೆ ತಾಗಿತು.

"ಭಾಯ್, ನನ್ನ ಕಾಲಿಗೆ ಜಾಗ ಎಲ್ಲೈತೆ?"

ಭಾಯ್ ಕಣ್ಣಿನ ಕಪ್ಪು ಕನ್ನಡಕ ಮೇಲೆತ್ತಿದರು. "ಜನಸೇವೆಗೆ ಹೊಂಟವ್ನಿಗೆ ಕಾಲು ಚಾಚೋ ಆಸೆ ಯಾಕಣ್ಣ?"

ಗುಂಡುಕಲ್ಲು

ಎಲ್ಲ ಮುಗಿದ ಮೇಲೆ ನನ್ನ ಹೆಂಡತಿ ಖಾರ ಅರೆಯುವ ಕಲ್ಲನ್ನೂ ಗುಂಡನ್ನೂ ತಂದು ಜೀಪಿನ ಮುಂದಿಟ್ಟಳು.

"ಲೇ, ಒಂದೊಂದು ಚಮಚಕ್ಕೂ ಲೆಕ್ಕ ಹಾಕ್ತಿದೀವಿ, ನೀನು ಕಲ್ಲು ಹೊರಿಸ್ತೀಯಲ್ಲೇ!"

"ಪುಡಿ ಖಾರದ ಸಾರು ಉಂಡು ಭಾಷಣ ಮಾಡಿದ್ರೆ ಯಾರ್ ಕೇಳ್ತಾರೆ?"

ಕಲ್ಲು ಜೀಪು ಹತ್ತಿತು. ನಾಲ್ಕೇ ದಿನಕ್ಕೆ ನನ್ನ ಬಾಯಿ ಮುಚ್ಚಿತು. ಹ್ಯಾಂಡ್ ಬ್ರೇಕು ಇಲ್ಲದ ಜೀಪು ಇಳಿಜಾರಿನಲ್ಲಿ ನಿಲ್ಲಬೇಕಾದರೆ ಚಕ್ರಕ್ಕೆ ಅಡ್ಡ ಕೊಡಲು ಆ ಗುಂಡಿಗಿಂತ ಒಳ್ಳೆಯದು ಯಾವುದೂ ಇರಲಿಲ್ಲ. ಕಂಪನಿಯವರು ಕೊಟ್ಟ ಬ್ರೇಕು ಸವೆಯುತ್ತದೆ, ಇದು ಸವೆಯುವುದಿಲ್ಲ ಎಂದು ಊರೂರಿನಲ್ಲೂ ಹೇಳಿಕೊಂಡೆ.

ಮತ್ತೋಡಿನ ಕಡೆ ಒಂದು ದಿಬ್ಬದ ಮೇಲೆ ಹಾಗೇ ಗುಂಡು ಕೊಟ್ಟು ನಿಲ್ಲಿಸಿ, ನಾನು ಊರೊಳಗೆ ಜನ ಕರೆಯಲು ಹೋದೆ. ಮೇಷ್ಟ್ರು ಒಳಗೆ ಮಂಚದ ಮೇಲೆ ಕೂತು ಅರ್ಜಿ ಬರೆಯುತ್ತಿದ್ದರು. ಅವರು ಬರೆಯಲು ಕೂತರೆ ಮುಗಿಯಿತು, ಗುಡುಗು ಬಡಿದರೂ ತಲೆ ಎತ್ತುವವರಲ್ಲ. ನನ್ನ ಹೆಂಡತಿಗೆ ಸಾರಿಗೆ ಹೊತ್ತಾಯಿತು. ಕಲ್ಲು ಇಳಿಸಿದಳು, ಮೆಣಸಿನಕಾಯಿ ಹರಡಿದಳು, ಗುಂಡು ಹುಡುಕಿದಳು. ಚಕ್ರದ ಕೆಳಗೆ ಕಂಡಿತು. ಎಳೆದುಕೊಂಡಳು.

ನಾನು ಊರ ಬಾಗಿಲಲ್ಲಿ ಹತ್ತಿಪ್ಪತ್ತು ಜನರಿಗೆ, "ನಮ್ಮ ಜೀಪು ಹೋಗದ ದಾರಿ ಇಲ್ಲ" ಎಂದು ಹೇಳುತ್ತಿದ್ದೆ. ಅವರೆಲ್ಲ ನನ್ನ ಹೆಗಲ ಮೇಲಿಂದ ಆಚೆ ನೋಡತೊಡಗಿದರು. ತಿರುಗಿದರೆ ಜೀಪು ಡ್ರೈವರಿಲ್ಲದೆ, ಸದ್ದಿಲ್ಲದೆ, ಬಹಳ ಗಂಭೀರವಾಗಿ ಇಳಿದು ಹೋಗುತ್ತಿತ್ತು. ಹಿಂದೆ ನನ್ನ ಹೆಂಡತಿ, ಕೈಯಲ್ಲಿ ಗುಂಡು. ನಾವೆಲ್ಲ ಓಡಿದೆವು. ಜೀಪು ಒಣಗಿದ ಕೆರೆಯಂಗಳಕ್ಕೆ ಇಳಿದು ಮೆತ್ತಗೆ ಒಂದು ಪೊದೆಗೆ ಒರಗಿ ನಿಂತಿತು.

ಹಿಂದಿನ ಬಾಗಿಲು ಇಳಿಸಿ ನೋಡಿದೆವು. ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿ ಕೇಳಿದರು: "ಮುಂದಿನ ಊರು ಬಂತೇನಪ್ಪ?"

ಗಂಟಲು ಕಟ್ಟಿದ್ದು

ಹೊರಕೆರೆದೇವಪುರ ದಾಟಿದ ಮೇಲೆ ಒಂದು ಊರು. ಅಲ್ಲಿ ಕಾಗದದ ರಸ್ತೆ ಹಾಕಿದ್ದ ಕಂಟ್ರಾಕ್ಟರ್ ಆ ಊರಿನವನೇ. ನಮ್ಮನ್ನು ಕಂಡವನೇ ಕೈ ಮುಗಿದ. "ಬರ್ರಿ ಬರ್ರಿ, ಮನೇಲಿ ಹೋಳಿಗೆ ಮಾಡ್ಸಿದೀನಿ. ಉಂಡು ಆಮೇಲೆ ಎಷ್ಟು ಬೇಕಾದ್ರೂ ಬೈಯ್ರಿ."

"ನಮ್ಮ ಅಡುಗೆಮನೆ ನಮ್ಮ ಜೊತೆಗೇ ಬಂದೈತೆ" ಎಂದು ಅವನ ಮನೆಯೆದುರೇ ಜೀಪಿನ ಬಾಗಿಲು ಇಳಿಸಿ, ಚಪ್ಪರ ಕಟ್ಟಿ, ಮುದ್ದೆ ತಿರುವಿಸಿದೆ. ಆ ಹೊತ್ತಿನ ನನ್ನ ಹೆಮ್ಮೆಯನ್ನು ಕ್ಯಾರಿಯರಿಗೆ ಹೇರಿದ್ದರೆ ಭಾಯ್ ಹಾಕಿದ ಪಟ್ಟಿ ಮುರಿಯುತ್ತಿತ್ತು. ಮೇಷ್ಟ್ರು ಮಾತ್ರ, "ಹೊಟ್ಟೆ ಸರಿ ಇಲ್ಲ, ಸ್ವಲ್ಪ ತಿರುಗಾಡಿ ಬರ್ತೀನಿ" ಎಂದು ಹೋದರು.

ಸಂಜೆ ಸಭೆ ಸೇರಿತು. ಕಂಟ್ರಾಕ್ಟರೂ ಮುಂದೆಯೇ ಬಂದು ಕುಳಿತ. ಮೇಷ್ಟ್ರ ಭಾಷಣವೆಂದರೆ ಬೆಂಕಿ. ಆ ದಿನ ಎದ್ದು ನಿಂತು, "ಬಂಧುಗಳೇ" ಎಂದರು. ಕಂಟ್ರಾಕ್ಟರ್ ಮುಗುಳ್ನಕ್ಕ. ಮೇಷ್ಟ್ರು ಮತ್ತೆ "ಬಂಧುಗಳೇ" ಎಂದರು. ಮೂರನೇ ಸಲ, "ಗಂಟಲು ಕಟ್ಟೈತೆ" ಎಂದು ಕೂತುಬಿಟ್ಟರು.

ನನ್ನ ಹೆಂಡತಿ ಹತ್ತಿರ ಹೋಗಿ ಅವರ ಅಂಗಿ ನೋಡಿದಳು. ಎದೆಯ ಮೇಲೆ ತುಪ್ಪದ ಕಲೆ.

"ಎಷ್ಟು ತಿಂದ್ರಿ ಮೇಷ್ಟ್ರೇ?"

"ಎರಡೇ ತಾಯಿ."

"ಎರಡಕ್ಕೆ ಎರಡು 'ಬಂಧುಗಳೇ' ಬಂತು. ಇನ್ನೊಂದು ತಿಂದಿದ್ರೆ ಅವನಿಗೇ ಹಾರ ಹಾಕ್ತಿದ್ರಿ."

ಸಾಹೇಬರ ಊಟ

ನಾಲ್ಕು ತಾಲೂಕಿನ ಹೆಬ್ಬೆಟ್ಟುಗಳ ಕಟ್ಟು ಕಚೇರಿಯ ಮೇಜಿನ ಮೇಲೆ ಬಿದ್ದಾಗ ಅಲ್ಲಿಯವರಿಗೆ ಎಚ್ಚರವಾಯಿತು. ಮೊದಲು ಹಟ್ಟಿಯ ರಸ್ತೆ ನೋಡಿ ವರದಿ ಬರೆಯಲು ಒಬ್ಬ ಎಂಜಿನಿಯರ್ ಸಾಹೇಬರನ್ನು ಕಳಿಸಿದರು. ಅವರು ಬರೆದದ್ದೇ ಕೊನೆ. "ರಸ್ತೆ ಇದೆ" ಎಂದರೆ ನನ್ನ ಹೆಂಡತಿಯ ತವರಿಗೆ ಇನ್ನು ಈ ಜನ್ಮದಲ್ಲಿ ರಸ್ತೆ ಇಲ್ಲ.

ಸಾಹೇಬರು ಐಮಂಗಲಕ್ಕೆ ಬಿಳಿ ಕಾರಿನಲ್ಲಿ ಬಂದರು.

"ಸಾರ್, ಜೀಪಿಗೆ ಬರ್ರಿ. ಕಾರು ಹೋಗಲ್ಲ" ಎಂದೆ.

"ಫೈಲ್ ಪ್ರಕಾರ ಹೋಗಬೇಕಲ್ಲ" ಎಂದರು.

ಕಾರು ಮುಂದೆ, ನಮ್ಮ ಜೀಪು ಹಿಂದೆ. ಹೋಗಿದ್ದು ಹಳ್ಳದವರೆಗೆ. ಕಾರಿನ ಹೊಟ್ಟೆ ಬಂಡೆಯ ಮೇಲೆ ಕೂತು, ಹಿಂದಿನ ಚಕ್ರಗಳು ಮರಳು ತೂರತೊಡಗಿದವು. ಫೈಲಿನ ಪ್ರಕಾರ ಅಲ್ಲಿ ಹಳ್ಳವೇ ಇರಲಿಲ್ಲ. ಬಿಸಿಲು ನೆತ್ತಿಗೇರಿತ್ತು. ಸಾಹೇಬರು ಹಿರಿಯೂರಿಗೆ ವಾಪಸ್ ಹೋಗಿ ಉಣ್ಣುವ ಲೆಕ್ಕದಲ್ಲಿ ಬರಿಗೈಯಲ್ಲಿ ಬಂದಿದ್ದರು. ನನ್ನ ಹೆಂಡತಿ ಚಪ್ಪರ ಕಟ್ಟಿ ಮೇಜು ಇಳಿಸಿದಳು. ಹುರುಳಿಕಾಳಿನ ಸಾರು ಕುದಿಯಿತು. ಸಾಹೇಬರು ಒಂದು ಸಲ ಬೇಡ ಎಂದರು. ಎರಡನೇ ಸಲ ಗಡಿಯಾರ ನೋಡಿಕೊಂಡರು. ಮೂರನೇ ಸಲ ಕೈ ತೊಳೆದರು. ಎರಡು ಮುದ್ದೆ ಉಂಡರು.

ಉಂಡು, ಕೈ ಒರೆಸಿಕೊಂಡು, ಅದೇ ಮೇಜಿನ ಮೇಲೆ ಕಾಗದ ಹರಡಿ ಹೇಳಿದರು: "ನೋಡಿ, ರಸ್ತೆ ಇದೆ, ದುರಸ್ತಿ ಆಗಬೇಕು ಅಂತ ಬರೀತೀನಿ. ನಿಮಗೂ ಸಮಾಧಾನ, ನಮ್ಮ ಕಚೇರಿಯವರಿಗೂ ತೊಂದರೆ ಇಲ್ಲ."

ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ ಸೌಟು ಅಡ್ಡ ಹಿಡಿದಳು.

"ಸಾಹೇಬ್ರೆ, ಸಾರಿಗೆ ಉಪ್ಪು ಸರಿ ಇತ್ತಾ?"

"ಸರಿಯಾಗಿತ್ತಮ್ಮ. ಬಹಳ ಚೆನ್ನಾಗಿತ್ತು."

"ಹಂಗಾದ್ರೆ ಆ ಉಪ್ಪಿನ ಮೇಲೆ ಹೇಳ್ರಿ. ನಿಮ್ಮ ಕಾರು ಕುಂತಿರಾದು ರಸ್ತೆಯಾಗೋ, ಹಳ್ಳದಾಗೋ?"

ಸಾಹೇಬರು ಕಾರು ನೋಡಿದರು. ತಟ್ಟೆ ನೋಡಿದರು. ಮೇಷ್ಟ್ರು ತಮ್ಮದೇ ಅನುಭವದಿಂದ, "ಬರೀರಿ ಸಾರ್, ಇಲ್ದಿದ್ರೆ ಗಂಟಲು ಕಟ್ಟತೈತೆ" ಎಂದರು. ಸಾಹೇಬರು ಪೆನ್ನು ತೆಗೆದು, "ಸ್ಥಳದಲ್ಲಿ ಯಾವುದೇ ರಸ್ತೆ ಇರುವುದಿಲ್ಲ" ಎಂದು ಬರೆದು ಸಹಿ ಹಾಕಿದರು. ನಮ್ಮ ಜೀಪು ಅವರ ಕಾರನ್ನು ಸರಪಳಿ ಕಟ್ಟಿ ಐಮಂಗಲದವರೆಗೆ ಎಳೆದು ತಂದಿತು. ಅದನ್ನು ನೋಡಲು ಹಟ್ಟಿಗೆ ಹಟ್ಟಿಯೇ ಹಿಂದೆ ನಡೆದು ಬಂತು.

ಮುಂದೆ ಎರಡು ವರ್ಷ ಬೆನ್ನು ಹತ್ತಿದ ಮೇಲೆ ರಸ್ತೆ ಆಯಿತು. ನಿಜವಾದ ಡಾಂಬರು, ಕೈಯಲ್ಲಿ ಮುಟ್ಟಿ ನೋಡಿದೆ. ಆದರೆ ಹಳ್ಳದ ಈ ದಂಡೆಗೆ ಬಂದು ನಿಂತು, ಆ ದಂಡೆಯಿಂದ ಮತ್ತೆ ಶುರುವಾಗಿತ್ತು. ನಡುವೆ ಸೇತುವೆ ಇಲ್ಲ. ಹಳ್ಳದ ದಂಡೆಯವರೆಗೆ ಮೊದಲ ಬಸ್ಸು ಬಂದ ದಿನ ಅದೇ ಸಾಹೇಬರು ಬಂದರು. ಕಾರನ್ನು ಈ ಸಲ ದಂಡೆಯ ಮೇಲೇ ನಿಲ್ಲಿಸಿದರು. ನಮ್ಮ ಜೀಪಿನ ಮೇಜು ಇಳಿದಿತ್ತು.

"ಬರ್ರಿ ಸಾಹೇಬ್ರೆ, ಕುಂತ್ಕಳ್ರಿ. ಅವರೆಕಾಳಿನ ಸಾರು ಮಾಡಿದೀನಿ" ಎಂದಳು ನನ್ನ ಹೆಂಡತಿ.

ಸಾಹೇಬರು ಕಾರಿನಿಂದ ಒಂದು ಟಿಫನ್ ಕ್ಯಾರಿಯರ್ ತೆಗೆದು ಎದೆಗೆ ಅವುಚಿಕೊಂಡರು. "ಬೇಡ ತಾಯಿ, ನಮ್ಮ ಅಡುಗೆ ನಮ್ಮ ಜೊತೆಗೇ ಬಂದಿದೆ. ಹೋದ ಸಲ ಎರಡು ಮುದ್ದೆಗೆ ಐದು ಮೈಲಿ ರಸ್ತೆ ಹಾಕಿಸಿಕೊಂಡ್ರಿ. ಇವತ್ತು ಉಂಡ್ರೆ ಸೇತುವೆ ಕೇಳ್ತೀರಿ."

ಹಟ್ಟಿಯವರೆಲ್ಲ ನಕ್ಕರು, ನಾನೂ ನಕ್ಕೆ. ನಮ್ಮ ನೇಮವನ್ನು ನಮಗೇ ತಿರುಗಿಸಿದ ಮೊದಲನೆಯ ಅಧಿಕಾರಿ. ಸಾಹೇಬರು ಗೆದ್ದ ಖುಷಿಯಲ್ಲಿ ನಮ್ಮ ಮೇಜಿನ ಮೇಲೆಯೇ ಡಬ್ಬಿ ಬಿಚ್ಚಿ, ಬಂದವರ ಜೊತೆ ಮಾತಾಡುತ್ತ ಮೊಸರನ್ನ ಕಲಸಿದರು. ನೆಂಚಿಕೊಳ್ಳಲು ಏನೂ ಇರಲಿಲ್ಲ. ನನ್ನ ಹೆಂಡತಿ ಸುಮ್ಮನೆ ಪೆಟ್ಟಿಗೆ ತೆರೆದು, ಒಂದು ಹೋಳು ಮಾವಿನ ಉಪ್ಪಿನಕಾಯಿ ಅವರ ಡಬ್ಬಿಯ ಅಂಚಿಗಿಟ್ಟಳು. ಸಾಹೇಬರು ಮಾತಿನ ಭರದಲ್ಲಿ ಅದನ್ನು ಕಚ್ಚಿ, ಚಪ್ಪರಿಸಿ, "ಆಹಾ" ಎಂದರು.

ಎಂದವರು ಅಲ್ಲೇ ನಿಲ್ಲಿಸಿ, ಬಾಯಲ್ಲಿ ಹೋಳು ಇಟ್ಟುಕೊಂಡೇ ಮೆಲ್ಲಗೆ ಜೀಪಿನ ಕಡೆ ತಿರುಗಿದರು. ಒಳಗೆ ಮಂಚದ ಮೇಲೆ ಮೇಷ್ಟ್ರು ಆಗಲೇ ಕಾಗದ ಹರಡಿ ಕೇಳುತ್ತಿದ್ದರು: "ಸೇತುವೆ ಎಷ್ಟು ಅಡಿ ಅಂತ ಬರೀಲಿ ಸಾರ್?"