ಎರಡು ಕಡೆಯಿಂದ ಖಚಿತವಾಗಲಿ

ಅವತ್ತು ಗುರುವಾರ. ಹೆಂಡತಿ ಹಾಲು ಕಾಸಿ ಇಳಿಸಿ, "ಯಾಕೋ ತಲಿ ತಿರುಗಿದಂಗ ಆಗ್ತೈತ್ರಿ" ಎಂದು ಗೋಡೆಗೆ ಒರಗಿ ಕುಳಿತಳು. ನಾನು ಶಾಲೆಗೆ ಹೊರಡಲು ಕನ್ನಡಕ ಹುಡುಕುತ್ತಿದ್ದೆ. ಸಿಕ್ಕಿತು. ತಿರುಗಿ ನೋಡುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು.

ಕೊಟ್ಟೂರಿನ ಬಾಡಿಗೆ ಮನೆಯಲ್ಲಿ ಆಮೇಲೆ ನಾನೊಬ್ಬನೇ. ಆದರೂ ನಗು ಬರುವಂಥ ಪ್ರಸಂಗಗಳು ನಿಲ್ಲಲಿಲ್ಲ. ಅದಕ್ಕೆ ಕಾರಣ ನಮ್ಮ ಶಾಲೆಯ ಗೋಡೆ ಪತ್ರಿಕೆ. ಹಿಂದೆ ನಾನೇ ಶುರು ಮಾಡಿಸಿದ್ದು; ಶನಿವಾರಕ್ಕೊಮ್ಮೆ ಮಕ್ಕಳೇ ಸುದ್ದಿ ತಂದು, ಬರೆದು, ಅಂಟಿಸುತ್ತಿದ್ದರು. ಆ ಮಕ್ಕಳು ಈಗ ದೊಡ್ಡವರಾಗಿ ಬೇರೆ ಬೇರೆ ಕಸುಬು ಹಿಡಿದಿದ್ದಾರೆ. ಪತ್ರಿಕೆಯ ಅಭ್ಯಾಸ ಮಾತ್ರ ಬಿಟ್ಟಿಲ್ಲ.

ಮಾತನಾಡಿಸಲು ಬಂದವನು

ಮೂರನೆಯ ದಿನ ಮಾತನಾಡಿಸಲು ಬಂದವರೆಲ್ಲ ಜಮಖಾನದ ಮೇಲೆ ತಲೆ ತಗ್ಗಿಸಿ ಕುಳಿತಿದ್ದರು. ಅಷ್ಟರಲ್ಲಿ ಹಗರಿಬೊಮ್ಮನಹಳ್ಳಿಯಿಂದ ಒಬ್ಬ ಬಂದ. ಪತ್ರಿಕೆಗೆ ಆಟೋಟದ ಸುದ್ದಿ ಬರೆಯುತ್ತಿದ್ದವನು, ಈಗ ಅಪ್ಪನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಟೋಪಿ ಸರಿಮಾಡಿಕೊಂಡು ನನ್ನ ಎದುರಿಗೆ ಕೂತವನೇ ಶುರು ಮಾಡಿದ.

"ಎಷ್ಟೊತ್ತಿಗಾತ್ರಿ ಸರ್? ಅಮ್ಮಾರು ಎಲ್ಲಿ ಕುಂತಿದ್ರು? ಕಡೀಕ ಏನಂದ್ರು?"

ಒಂದೊಂದಕ್ಕೂ ಉತ್ತರ ಹೇಳಿದೆ, ಕನ್ನಡಕ ಹುಡುಕುತ್ತಿದ್ದುದನ್ನೂ. ಅಲ್ಲಿಯವರೆಗೆ ಯಾರಿಗೂ ಪೂರ್ತಿ ಹೇಳಿರಲಿಲ್ಲ.

ಜೊತೆಗೆ ಬಂದಿದ್ದ ಅವನ ಗೆಳೆಯ, ಕೂಡ್ಲಿಗಿ ಬಸ್ಸಿನ ಕಂಡಕ್ಟರ್, ತೊಡೆ ಚಿವುಟಿದ. ಅವನೂ ಪತ್ರಿಕೆಯವನೇ. "ಲೇ, ಸಾವಿನ ಮನ್ಯಾಗ ಸಂದರ್ಶನ ಮಾಡ್ತೀಯೇನಲೇ?"

"ಸರ್ ಕಲಿಸಿದ್ದಲೇ. ಅರ್ಧ ತಿಳ್ಕೊಂಡು ಎದ್ದು ಬರಬ್ಯಾಡ ಅಂದಿದ್ರು." ಮತ್ತೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ, "ಸರ್, ಕನ್ನಡಕ ಎಲ್ಲಿತ್ರಿ?"

"ಜೇಬಿನಾಗ" ಎಂದೆ. ಹಿರಿಯರಿಬ್ಬರು ಶಲ್ಯವನ್ನು ಬಾಯಿಗೆ ಅಡ್ಡ ಹಿಡಿದರು.

ಟಗರಿನ ಕಡೆಯ ಮಾತು

ಪತ್ರಿಕೆಯ ಮೊದಲ ಸಂಪಾದಕಿ ಈಗ ಹಡಗಲಿ ಹತ್ತಿರದ ಮಾಗಳದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. "ಸರ್ ಒಬ್ರ ಅದಾರ" ಎಂದು ಆಕೆ ನನ್ನನ್ನೂ ಸೇರಿಸಿ ವಾಟ್ಸಾಪ್ ಗುಂಪು ತೆರೆದಳು. ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ತಮ್ಮೂರಿನ ಒಂದು ಸುದ್ದಿ ಹಾಕಬೇಕು. ಶುಭೋದಯ ಹಾಕಿದವರನ್ನು ಹೊರಗೆ ಹಾಕುತ್ತಿದ್ದಳು.

ಕಂಡಕ್ಟರ್ ಹಾಕಿದ: "ಕೂಡ್ಲಿಗಿ–ಹರಪನಹಳ್ಳಿ ಬಸ್ಸಿನಲ್ಲಿ ಇಂದು ನಿಲ್ಲಲೂ ಜಾಗ ಇರಲಿಲ್ಲ."

ಸಂಪಾದಕಿಯ ಧ್ವನಿ ಸಂದೇಶ ಬಂತು. "ಇದು ಸುದ್ದಿ ಅಲ್ಲ. ಜಾಗ ಇದ್ದ ದಿನ ಹಾಕು."

ಮರುದಿನ ಅವನು ಬೇರೆಯದನ್ನು ತಂದ. ಒಬ್ಬ ಅಜ್ಜ ತನ್ನ ಸೀಟನ್ನು ಟಗರು ಹಿಡಿದುಕೊಂಡು ಹತ್ತಿದವನಿಗೆ ಬಿಟ್ಟುಕೊಟ್ಟಿದ್ದ. ಯಾಕಜ್ಜ ಎಂದರೆ, "ಅದು ನನ್ನ ನೋಡೋ ರೀತಿ ಸರಿ ಇರಲಿಲ್ಲ" ಎಂದನಂತೆ.

"ಇದು ಸುದ್ದಿ," ಎಂದಳು ಸಂಪಾದಕಿ. "ಆದ್ರ ಅಜ್ಜನ ಮಾತು ಒಂದ ಆತು. ಟಗರಿನ ಕಡೀದೂ ಕೇಳಿ ಹಾಕು."

ನಾನು ಎಲ್ಲವನ್ನೂ ಓದುತ್ತಿದ್ದೆ. ಏನೂ ಬರೆಯುತ್ತಿರಲಿಲ್ಲ.

ಎರಡನೆಯ ವರದಿಗಾರ

ಒಂದು ಭಾನುವಾರ ನನಗೆ ಯಾರ ಸುದ್ದಿಯೂ ಬೇಡವೆನಿಸಿತು. ಗುಂಪಿನಿಂದ ಹೊರಬಂದು, ಫೋನ್ ಸ್ವಿಚ್ ಆಫ್ ಮಾಡಿ, ಬಾಗಿಲು ಹಾಕಿಕೊಂಡು ಮಲಗಿಬಿಟ್ಟೆ.

ಸಂಪಾದಕಿಗೆ ದಿಗಿಲಾಯಿತು. ನಮ್ಮ ಪತ್ರಿಕೆಯಲ್ಲಿ ಒಂದು ನಿಯಮವಿತ್ತು: ದೊಡ್ಡ ಸುದ್ದಿಗೆ ಇಬ್ಬರು ಹೋಗಬೇಕು, ಒಬ್ಬರಿಗೊಬ್ಬರು ತಿಳಿಯದ ಹಾಗೆ. ಇಬ್ಬರೂ ಕಣ್ಣಾರೆ ಕಂಡರೆ ಮಾತ್ರ ಖಚಿತ. ಆಕೆ ಅದೇ ಪ್ರಕಾರ ಮೆಕ್ಯಾನಿಕ್ಕನನ್ನೂ ಕಂಡಕ್ಟರನನ್ನೂ ಕಳಿಸಿದಳು. ಇವನು ಹೊರಟದ್ದು ಅವನಿಗೆ ಗೊತ್ತಿಲ್ಲ, ಅವನು ಹೊರಟದ್ದು ಇವನಿಗೆ.

ಮೆಕ್ಯಾನಿಕ್ ಮೊದಲು ಬಂದು ಬಾಗಿಲು ಬಡಿದ. ಉತ್ತರವಿಲ್ಲ. ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲು ಹತ್ತಿ ಕಿಟಕಿಯಲ್ಲಿ ಇಣುಕಿದ. ಅಷ್ಟೊತ್ತಿಗೆ ಕಂಡಕ್ಟರ್ ಮುಂದಿನಿಂದ ಬಂದು ಪಕ್ಕದ ಮನೆಯ ಅಜ್ಜಿಯನ್ನು ಕೇಳಿದ, "ಅಜ್ಜಿ, ಮ್ಯಾಷ್ಟ್ರು..."

"ಮ್ಯಾಷ್ಟ್ರ ಮಾತು ಆಮ್ಯಾಲ. ಹಿತ್ತಲಾಗ ಕಳ್ಳ ಅದಾನ, ನಡಿ!"

ಗದ್ದಲಕ್ಕೆ ಎಚ್ಚರವಾಗಿ ನಾನು ಹಿಂಬಾಗಿಲು ತೆರೆದೆ. ಕಂಡಕ್ಟರ್ ನನಗೆ ಬೆನ್ನು ಹಾಕಿ, ಕಲ್ಲಿನ ಮೇಲಿದ್ದವನ ಎರಡೂ ಕಾಲುಗಳನ್ನು ತಬ್ಬಿ ಹಿಡಿದಿದ್ದ. ಅಜ್ಜಿಯ ಕೈಯಲ್ಲಿ ಕಸಬರಿಗೆ.

"ಲೇ, ನಾನಲೇ! ಬಿಡಲೇ! ನನ್ನ ಆಕಿ ಕಳಿಸ್ಯಾಳ!"

"ನನ್ನೂ ಆಕಿನ ಕಳಿಸ್ಯಾಳಲೇ!"

"ಬಿಟ್ಟಿ ಅಂದ್ರ ನಿನಗ ಬೀಳ್ತಾವ ನೋಡು," ಎಂದಳು ಅಜ್ಜಿ.

ಮೆಕ್ಯಾನಿಕ್ಕನ ಫೋನ್ ಬಡಿದುಕೊಂಡಿತು. ಅವನು ಸ್ಪೀಕರ್ ಒತ್ತಿದ. ಸಂಪಾದಕಿ. "ಸರ್ ಅದಾರೇನು?"

ಅವನು ನನ್ನನ್ನು ಕಂಡು ಉಸಿರು ಬಿಟ್ಟ. "ಅದಾರವಾ. ಇಲ್ಲೇ ನಿಂತಾರ."

"ಎರಡನೇಯಾಂವ ಹೇಳ್ಲಿ."

"ನಾ ಇನ್ನೂ ನೋಡಿಲ್ಲ," ಎಂದ ಕಂಡಕ್ಟರ್, ಕಾಲು ಬಿಡದೆ. "ಇವನ ಮಾತು ಕೇಳಿ ಹೇಳಾಂಗಿಲ್ಲ."

"ಬಿಡಪ್ಪ, ಅವನು ನಮ್ಮವನೇ," ಎಂದೆ.

ಅವನು ತಿರುಗಿದ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತೋಳು ಹಿಡಿದು ಒತ್ತಿ ನೋಡಿ, ಕಣ್ಣೊರೆಸಿಕೊಂಡು ಫೋನಿಗೆ ಹೇಳಿದ: "ಖಚಿತ."

"ಏನಂತ?" ಎಂದಳು ಅಜ್ಜಿ.

"ಸರ್ ಅದಾರ ಅಂತ."

"ಅಷ್ಟಕ್ಕ ಇಷ್ಟ? ಮ್ಯಾಷ್ಟ್ರ ಗೊರಕಿ ಮುಂಜಾನಿಂದ ನನ್ನ ಮನಿ ತನಕ ಕೇಳಾಕತ್ತೈತಿ!"

ಆ ಸಂಜೆ ಇಬ್ಬರೂ ನನ್ನೊಡನೆ ಉಂಡು ಹೋದ ಮೇಲೆ, ಬಚ್ಚಲಲ್ಲಿ ತೊಳೆಯಲು ಮೂರು ತಟ್ಟೆಗಳಿದ್ದವು.